ಫ್ಯಾನ್ ವಿಮಾನವೆಂಬ ತಾತ್ಸಾರ

ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ವಿಮಾನದಲ್ಲಿ ಹೋಗೋಣವೆಂದರೆ ನಮ್ಮ ರಾಮನಗರ, ಚನ್ನಪಟ್ಟಣದ ಕಡೆ ಮೊದಲು ಬರುವ ಪ್ರಶ್ನೆ, ‘ಜೆಟ್ಟಾ, ಫ್ಯಾನ್ ವಿಮಾನಾನಾ?’ ಟಿಕೆಟ್ಟಿನಲ್ಲಿ ಎಟಿಆರ್ ಎಂದು ಕಂಡರೆ ಮುಖ ಸಣ್ಣದಾಗುತ್ತದೆ. ಹಳೇ ಕಾಲದ್ದು, ನಿಧಾನ, ಅಲುಗಾಡುತ್ತೆ, ಸದ್ದು ಜಾಸ್ತಿ, ಭಯ ಆಗುತ್ತೆ ಎಂಬ ಮಾತುಗಳು ಸಾಲಾಗಿ ಬರುತ್ತವೆ. ಇವುಗಳಲ್ಲಿ ಕೆಲವು ನಿಜ. ಆದರೂ ಕಡಿಮೆ ದೂರದ ಮಟ್ಟಿಗೆ ಪ್ರಯಾಣಿಕರ ಈ ತೀರ್ಪು ತಪ್ಪು ಎಂದೇ ನಾನು ಹೇಳುತ್ತೇನೆ.

ಹಳೇ ಕಾಲದ್ದು ಎಂಬ ಮಾತು ನಿಲ್ಲುವುದಿಲ್ಲ. ಎಟಿಆರ್ 72-600ರ ಒಳಗಿರುವುದೂ ಜೆಟ್ಟಿನಲ್ಲಿರುವಂಥ ಗ್ಯಾಸ್ ಟರ್ಬೈನೇ. ಅದರ ಶಕ್ತಿ ಆರು ಅಲಗಿನ ಪ್ರೊಪೆಲ್ಲರನ್ನು ತಿರುಗಿಸುತ್ತದೆ, ಅಷ್ಟೇ ವ್ಯತ್ಯಾಸ. ಈ ಏರ್ಪಾಟಿನಿಂದ ಇಂಧನ ಉಳಿಯುತ್ತದೆ, ಚಿಕ್ಕ ರನ್‌ವೇ ಸಾಕಾಗುತ್ತದೆ. ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್, ಜೆಟ್ಟಿನದು 800ರ ಆಸುಪಾಸು. ಆದರೆ ಬೆಂಗಳೂರು–ಹುಬ್ಬಳ್ಳಿ ನಡುವೆ ಆಕಾಶಮಾರ್ಗ 400 ಕಿಲೋಮೀಟರಿನೊಳಗೇ ಮುಗಿಯುತ್ತದೆ. ಅಷ್ಟು ದೂರಕ್ಕೆ ಜೆಟ್ಟಿನ ಹೆಚ್ಚಿನ ಹೊತ್ತು ಏರುವುದಕ್ಕೂ ಇಳಿಯುವುದಕ್ಕೂ ಹೋಗುತ್ತದೆ. ಜೆಟ್ಟಿನಿಂದ ಉಳಿತಾಯವಾಗುವುದು ಹತ್ತು ಹದಿನೈದು ನಿಮಿಷ. ಚನ್ನಪಟ್ಟಣದಿಂದಲೋ ಕನಕಪುರದಿಂದಲೋ ಹೊರಟು, ಇಡೀ ಬೆಂಗಳೂರನ್ನು ದಾಟಿ ದೇವನಹಳ್ಳಿ ಸೇರಲು ಮೂರು ಗಂಟೆ ಕಳೆಯುವವರು ಆ ಹದಿನೈದು ನಿಮಿಷಕ್ಕೆ ಜೆಟ್ಟೇ ಬೇಕೆನ್ನುವುದು ನನಗೆ ಅರ್ಥವಾಗಿಲ್ಲ.

ಸದ್ದಿನ ದೂರು ಮಾತ್ರ ನ್ಯಾಯವಾದದ್ದು. ಪ್ರೊಪೆಲ್ಲರಿನ ಪಕ್ಕದ ಸಾಲಿನಲ್ಲಿ ಕೂತರೆ ಮೇಲೇರುವಷ್ಟು ಹೊತ್ತೂ ಸೀಟಿನ ಕೈಯಾಸರೆಯವರೆಗೆ ಅದುರು ತಲುಪುತ್ತದೆ, ಪಕ್ಕದವರೊಡನೆ ಮಾತು ಸಾಗುವುದಿಲ್ಲ. ಹಿಂದಿನ ಸಾಲುಗಳಲ್ಲಿ ಇದು ಎಷ್ಟೋ ಕಡಿಮೆ. ಹತ್ತುವ ಬಾಗಿಲೂ ಹಿಂದೆಯೇ ಇರುವುದರಿಂದ ಇಳಿಯುವಾಗಲೂ ಅಲ್ಲಿ ಕೂತವರೇ ಮೊದಲು. ಮಳೆಗಾಲದ ಮೋಡಗಳನ್ನು ಜೆಟ್ಟು ಹಲವು ಬಾರಿ ಮೇಲಿಂದ ದಾಟಿಬಿಡುತ್ತದೆ, ಎಟಿಆರ್ ಅಷ್ಟು ಎತ್ತರಕ್ಕೆ ಹೋಗದು. ಹಾಗಾಗಿ ಆಷಾಢ, ಶ್ರಾವಣದಲ್ಲಿ ಕುಲುಕಾಟ ಹೆಚ್ಚು. ತಲೆಮೇಲಿನ ಗೂಡು ಚಿಕ್ಕದು, ದೊಡ್ಡ ಕೈಚೀಲ ಹಿಡಿಸದು. ಇದಕ್ಕೆ ಎದುರಾಗಿ, ಎರಡೆರಡೇ ಸೀಟುಗಳಿರುವುದರಿಂದ ಇಬ್ಬರ ನಡುವೆ ಸಿಕ್ಕಿಕೊಳ್ಳುವ ಪಾಡಿಲ್ಲ. ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ ಕೆಳಗಿನ ಕೆರೆ, ತೋಟ, ಬಂಡೆಬೆಟ್ಟ ಎಲ್ಲವೂ ಕಾಣುತ್ತವೆ. ನೆಲ ಬಿಟ್ಟ ಕೂಡಲೇ ಚಕ್ರಗಳು ಮಡಚಿಕೊಂಡು ಹೊಟ್ಟೆಯ ಪಕ್ಕದ ಗೂಡಿಗೆ ಸೇರುವುದನ್ನು ನಡುವಿನ ಸಾಲಿನ ಮಕ್ಕಳು ಕಣ್ಣಾರೆ ನೋಡಬಹುದು.

ಭಯದ ಮಾತನ್ನು ನಮ್ಮ ಜಿಲ್ಲೆಯಲ್ಲಿ ಹಗುರಾಗಿ ತಳ್ಳಿಹಾಕುವಂತಿಲ್ಲ. 2009ರ ಮಾರ್ಚ್ 6ರಂದು ಬಿಡದಿ ಹತ್ತಿರದ ಶೇಷಗಿರಿಹಳ್ಳಿ ಬಳಿ ಎನ್‌ಎಎಲ್‌ನ ‘ಸರಸ್’ ವಿಮಾನ ಬಿದ್ದು ವಾಯುಪಡೆಯ ಇಬ್ಬರು ಪರೀಕ್ಷಾ ಪೈಲಟ್‌ಗಳು ಮತ್ತು ಒಬ್ಬ ಹಾರಾಟ ಪರೀಕ್ಷಾ ಎಂಜಿನಿಯರ್ ತೀರಿಕೊಂಡರು. ಅದೂ ಪ್ರೊಪೆಲ್ಲರ್ ವಿಮಾನವೇ. ಆದರೆ ಅದು ಇನ್ನೂ ಪರೀಕ್ಷೆಯ ಹಂತದಲ್ಲಿದ್ದ ಮಾದರಿ. ಹಾರಾಟದ ನಡುವೆ ಎಂಜಿನ್ ಒಂದನ್ನು ಬೇಕೆಂದೇ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ಅಂದು ನಡೆದಿತ್ತು. ಪ್ರಯಾಣಿಕರನ್ನು ಹೊತ್ತು ದಿನವೂ ಹಾರುವ ಎಟಿಆರ್‌ಗೆ ಆ ದುರಂತವನ್ನು ಅಂಟಿಸಬಾರದು. 2023ರಲ್ಲಿ ನೇಪಾಳದ ಪೊಖರಾದಲ್ಲಿ ಬಿದ್ದದ್ದು ಎಟಿಆರ್ ಹೌದು. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿ ತೆಗೆದುಕೊಂಡದ್ದು ಬೋಯಿಂಗ್ 737 ಜೆಟ್ಟು. ಫ್ಯಾನ್ ಹೊರಗೆ ಕಾಣುತ್ತದೆಯೇ ಇಲ್ಲವೇ ಎಂಬುದನ್ನು ನೋಡಿ ಸುರಕ್ಷತೆ ಅಳೆಯಲಾಗದು.

ಈ ಫ್ಯಾನ್ ವಿಮಾನವೇ ಇಲ್ಲದಿದ್ದರೆ ನಮಗೇನು ಉಳಿಯುತ್ತಿತ್ತು? ಚನ್ನಪಟ್ಟಣದವರಿಗೆ ದೇವನಹಳ್ಳಿಯಷ್ಟೇ ದೂರದ ಇನ್ನೊಂದು ನಿಲ್ದಾಣ ಮೈಸೂರಿನ ಮಂಡಕಳ್ಳಿ. ಅಲ್ಲಿಯ ರನ್‌ವೇ 1,740 ಮೀಟರ್. ದೊಡ್ಡ ಜೆಟ್ಟುಗಳಿಗೆ ಅದು ಸಾಲದು; ಅಲ್ಲಿಂದ ಚೆನ್ನೈ, ಹೈದರಾಬಾದಿಗೆ ದಾರಿ ಮಾಡಿಕೊಟ್ಟದ್ದು ಎಟಿಆರ್. ಶಿವಮೊಗ್ಗದಲ್ಲಿ 3,200 ಮೀಟರಿನ ರನ್‌ವೇ ಇದೆ, ಆದರೂ 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಅಲ್ಲಿಗೆ ಬಂದಿಳಿದ ಮೊದಲ ಪ್ರಯಾಣಿಕ ವಿಮಾನ ಎಟಿಆರ್. 180 ಸೀಟಿನ ವಿಮಾನವನ್ನು ದಿನವೂ ತುಂಬಿಸುವಷ್ಟು ಜನ ಇಂಥ ಊರುಗಳಲ್ಲಿ ಸಿಗುವುದಿಲ್ಲ, ಎಪ್ಪತ್ತು ಸೀಟನ್ನು ತುಂಬಿಸಬಹುದು. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರುಮಾಡಿದಾಗ ಎಟಿಆರ್‌ಗಳನ್ನೇ ಆರಿಸಿಕೊಂಡದ್ದು ಈ ಲೆಕ್ಕದಿಂದ.

ಕಲಬುರಗಿ, ಬೀದರಿನ ಮಾತು ಬೇರೆ. ಬೀದರಿಗೆ 500 ಕಿಲೋಮೀಟರ್ ಮೀರುತ್ತದೆ. ಅಲ್ಲಿ ಸ್ಟಾರ್ ಏರ್‌ನ ಎಂಬ್ರೇಯರ್‌ನಂಥ ಚಿಕ್ಕ ಜೆಟ್ಟು ಸಮಯವನ್ನೂ ಉಳಿಸುತ್ತದೆ, ಸದ್ದೂ ಕಡಿಮೆ. ಅಂಥ ಕಡೆ ಜೆಟ್ಟನ್ನು ಬಯಸುವುದು ಸರಿಯೇ.

ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ ಕನಕಪುರ ರಸ್ತೆಯ ಚೂಡಹಳ್ಳಿ, ಸೋಮನಹಳ್ಳಿಗಳನ್ನೂ 2025ರಲ್ಲಿ ಪರಿಶೀಲಿಸಲಾಯಿತು. ದೇವನಹಳ್ಳಿಯ ಒಪ್ಪಂದದಂತೆ 150 ಕಿಲೋಮೀಟರ್ ವ್ಯಾಪ್ತಿಯಲ್ಲಿ ಹೊಸದಕ್ಕಿರುವ ತಡೆ 2033ರವರೆಗೆ ಇದೆ. ಅಲ್ಲಿಯತನಕ ನಮ್ಮ ಕಡೆ ಚರ್ಚೆಯೆಲ್ಲ ಜಮೀನಿನ ಬೆಲೆ, ವಿದೇಶದ ದೊಡ್ಡ ವಿಮಾನಗಳ ಸುತ್ತಲೇ ನಡೆಯುವ ಸೂಚನೆ ಕಾಣುತ್ತಿದೆ. ಮಾಗಡಿ, ಕನಕಪುರದ ಪ್ರತಿನಿಧಿಗಳು ಈಗಿನಿಂದಲೇ ಕೇಳಬೇಕಾದದ್ದು ಇನ್ನೊಂದಿದೆ: ಬೆಳಿಗ್ಗೆ ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗಕ್ಕೆ ಹೋಗಿ ಸಂಜೆಗೆ ಮರಳುವಂತೆ ಎಟಿಆರ್‌ಗಳಿಗೆ ಹೊಸ ನಿಲ್ದಾಣದಲ್ಲಿ ಜಾಗ ಮತ್ತು ವೇಳೆ ಕಾದಿರಿಸುತ್ತೀರಾ, ಇಲ್ಲವಾ?