ಹರಿದ ತೆರೆ, ಸರಿಯುವ ತೆರೆ

ಶುಭಶುಕ್ರವಾರದ ನಮ್ಮ ಪ್ರಬೋಧನೆಗಳಲ್ಲಿ ಮತ್ತಾಯ 27:51ರ ಹರಿದ ತೆರೆಯು ಬಹುಮಟ್ಟಿಗೆ ಯೆಹೂದ್ಯ ಆರಾಧನೆಯ ಅಂತ್ಯದ ಗುರುತಾಗಿಯೇ ಬರುತ್ತದೆ. ಈ ವ್ಯಾಖ್ಯಾನವನ್ನು ನಾವು ಒಪ್ಪಲಾರೆವು.

ವಿಮೋಚನಕಾಂಡದ 26ನೆಯ ಅಧ್ಯಾಯದಲ್ಲಿ ಮಹಾಪವಿತ್ರಸ್ಥಾನವನ್ನು ಮರೆಮಾಡುವ ತೆರೆಗೆ ಹೀಬ್ರೂ ಭಾಷೆಯಲ್ಲಿ 'ಪಾರೋಖೆತ್' ಎಂದು ಹೆಸರು. ಕ್ರಿ.ಶ. 70ರಲ್ಲಿ ದೇವಾಲಯವು ನಾಶವಾದರೂ ಹೆಸರು ಅಳಿಯಲಿಲ್ಲ. ಪ್ರಾರ್ಥನಾಮಂದಿರದಲ್ಲಿ ತೋರಾ ಸುರುಳಿಗಳ ಮಂಜೂಷದ ಮುಂದೆ ತೂಗುವ ಪರದೆಗೂ ಅದೇ ಹೆಸರು. ಆದರೆ ಅಂದಿನ ತೆರೆಯೊಳಗೆ ಮಹಾಯಾಜಕನೊಬ್ಬನೇ, ಅದೂ ವರ್ಷದಲ್ಲಿ ಒಂದೇ ದಿನ, ಪ್ರವೇಶಿಸುತ್ತಿದ್ದನು. ಈ ಪರದೆಯಾದರೋ ವಾರವಾರವೂ ವಾಚನಕ್ಕಾಗಿ ಸರಿಯುತ್ತದೆ. ಸಭೆಯೆಲ್ಲ ಎದ್ದು ನಿಲ್ಲುತ್ತದೆ.

ಜರ್ಮನಿಯ ಯೆಹೂದ್ಯರಲ್ಲಿ ಶಿಶುವಿನ ಸುನ್ನತಿಯ ಬಟ್ಟೆಯನ್ನೇ ಪಟ್ಟಿಗಳಾಗಿ ಹೊಲಿದು, ಹೆಸರನ್ನು ಕಸೂತಿ ಮಾಡಿ ಸುರುಳಿಗೆ ಸುತ್ತುವ ರೂಢಿಯಿತ್ತು. ಎಂಥ ದೈವಶಾಸ್ತ್ರ, ಸೂಜಿದಾರದಲ್ಲಿ! ಬೊಹೆಮಿಯ, ಮೊರಾವಿಯಗಳ ಮಂದಿರಗಳ ಪರದೆಗಳೂ ಹೊದಿಕೆಗಳೂ ಸಾವಿರಗಟ್ಟಲೆ ಪ್ರಾಗ್ ನಗರದ ಯೆಹೂದ್ಯ ವಸ್ತುಸಂಗ್ರಹಾಲಯದಲ್ಲಿವೆ. 1942ರಿಂದ, ನಾಜಿಗಳು ಆ ಸಭೆಗಳ ಜನರನ್ನು ಸಾವಿನ ಶಿಬಿರಗಳತ್ತ ಸಾಗಿಸುತ್ತಿದ್ದಾಗ, ಅಲ್ಲಿಗೆ ಬಂದು ಸೇರಿದವು ಅವು. ದಾನಿಗಳ ಹೆಸರು ಹೊತ್ತ ಆ ಬಟ್ಟೆಗಳ ಮುಂದೆ 'ತೆರೆ ಹರಿಯಿತು, ಅವರ ಕಾಲ ಮುಗಿಯಿತು' ಎನ್ನಲು ನಾಲಿಗೆ ಏಳದು.

ಯೆಹೂದ್ಯರನ್ನು ದೇವರಿಂದ ತಿರಸ್ಕೃತರೆಂದು ಚಿತ್ರಿಸಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲೇ ಸಾರಿದೆ. ಹಿಬ್ರಿಯರಿಗೆ ಬರೆದ ಪತ್ರವಂತೂ (10:20) ತೆರೆಯನ್ನು ಕ್ರಿಸ್ತನ ಶರೀರಕ್ಕೇ ಹೋಲಿಸುತ್ತದೆ. ಆ ಶರೀರ ಹುಟ್ಟಿದ ಎಂಟನೆಯ ದಿನ ಸುನ್ನತಿ ಹೊಂದಿದ್ದು.