ಎಲ್ಲರ ಮೈಯಲ್ಲಿರುವ ವೈರಸ್ ನಿರಪರಾಧಿಯೇ?

ವಯಸ್ಕರಲ್ಲಿ ನೂರಕ್ಕೆ 95 ಮಂದಿಯ ಮೈಯಲ್ಲಿರುವ ವೈರಸ್ಸನ್ನು, ಎಲ್ಲೋ ಕೆಲವರಿಗೆ ಬರುವ ಕಾಯಿಲೆಗೆ ಹೊಣೆ ಮಾಡುವುದು ಹೇಗೆ? ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗಕ್ಕೂ ಎಪ್‌ಸ್ಟೀನ್-ಬಾರ್ ವೈರಸ್ಸಿಗೂ ನಂಟಿದೆ ಎಂಬ ಹಳೆಯ ಅನುಮಾನವನ್ನು ದಶಕಗಳ ಕಾಲ ಮೂಲೆಗುಂಪು ಮಾಡಿದ್ದು ಈ ಪ್ರಶ್ನೆ. 2022ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಹಾರ್ವರ್ಡ್ ತಂಡದ ಪ್ರಬಂಧ ಅದನ್ನು ನೇರವಾಗಿ ಎದುರಿಸಿತು. ಆಲ್ಬರ್ಟೊ ಅಶೇರಿಯೊ ಮತ್ತು ಸಂಗಡಿಗರು ಸೋಂಕಿತರ ಹಿಂದೆ ಹೋಗಲಿಲ್ಲ. ಇನ್ನೂ ಸೋಂಕು ತಗಲದ ಆ ಕೆಲವೇ ಮಂದಿಯನ್ನು ಹುಡುಕಿದರು.

ಅಮೆರಿಕದ ಸೇನೆ ಎಚ್‌ಐವಿ ಪರೀಕ್ಷೆಗೆಂದು ಸೈನಿಕರಿಂದ ಆಗಾಗ ತೆಗೆದ ರಕ್ತದಲ್ಲಿ ಉಳಿದ ಸೀರಂ ಅನ್ನು ಶೈತ್ಯಾಗಾರದಲ್ಲಿ ಕಾದಿಟ್ಟಿತ್ತು. 1 ಕೋಟಿಗೂ ಹೆಚ್ಚು ಯೋಧರಲ್ಲಿ 955 ಮಂದಿಗೆ ಈ ನರರೋಗ ಕಾಣಿಸಿಕೊಂಡಿತ್ತು. 801 ಮಂದಿಯ ಮಾದರಿಗಳು ಅಧ್ಯಯನಕ್ಕೆ ಸಿಕ್ಕವು. ಮೊದಲ ಮಾದರಿಯಲ್ಲಿ ಸೋಂಕಿಲ್ಲದವರು 35 ಜನ. ಅವರಲ್ಲಿ 34 ಮಂದಿಗೆ ಕಾಯಿಲೆ ಶುರುವಾಗುವ ಮೊದಲೇ ವೈರಸ್ ತಗಲಿತ್ತು. ಸೋಂಕಿನ ನಂತರ ರೋಗದ ಅಪಾಯ 32 ಪಟ್ಟು ಏರಿತ್ತು. ಇಲ್ಲಿಗೇ ನಿಂತಿದ್ದರೆ ಸಂದೇಹಕ್ಕೆ ಜಾಗವಿರುತ್ತಿತ್ತು. ರೋಗದ ಹಾದಿಯಲ್ಲಿರುವವರಿಗೆ ಯಾವ ಸೋಂಕಾದರೂ ಸುಲಭವಾಗಿ ತಗಲಬಹುದಲ್ಲ! ಹಾಗಾಗಿ ಎಪ್‌ಸ್ಟೀನ್-ಬಾರ್‌ನಂತೆಯೇ ಜೊಲ್ಲಿನ ಮೂಲಕ ಹರಡುವ ಸೈಟೊಮೆಗಾಲೊ ವೈರಸ್ಸನ್ನೂ ಪರೀಕ್ಷಿಸಿದರು. ಅದರಿಂದ ಅಪಾಯ ಹೆಚ್ಚಲಿಲ್ಲ. ನರತಂತು ಹಾನಿಗೊಂಡಾಗ ರಕ್ತದಲ್ಲಿ ಏರುವ ಪ್ರೋಟೀನ್ ಕೂಡ ಏರಿದ್ದು ಎಪ್‌ಸ್ಟೀನ್-ಬಾರ್ ಸೋಂಕಿನ ನಂತರವೇ, ಮೊದಲಲ್ಲ. ತಮ್ಮ ವಾದ ಎಲ್ಲಿ ಸೋಲಬಹುದೋ ಅಲ್ಲಿಗೇ ಹೋಗಿ ಪರೀಕ್ಷಿಸಿದ ಈ ನಿಷ್ಠುರತೆಯೇ ಪ್ರಬಂಧದ ದೊಡ್ಡ ಗುಣ.

ಕೊರತೆಗಳೂ ಇವೆ. 32 ಎಂಬ ಅಂಕಿ ನಿಂತಿರುವುದು ಬೆರಳೆಣಿಕೆಯ ಜನರ ಮೇಲೆ. ಸೋಂಕಿತರಲ್ಲಿ ಬಹುತೇಕರು ಏಕೆ ಪಾರಾಗುತ್ತಾರೆ ಎಂಬುದಕ್ಕೆ ಪ್ರಬಂಧದಲ್ಲಿ ಉತ್ತರವಿಲ್ಲ. ವಂಶವಾಹಿ, ಧೂಮಪಾನ, ವಿಟಮಿನ್ ಡಿ ಕೊರತೆಗಳ ಪಾಲನ್ನು ಬೇರೆಯೇ ಅಳೆಯಬೇಕು. ಅದೇ ತಿಂಗಳು ‘ನೇಚರ್’ನಲ್ಲಿ ಬಂದ ಸ್ಟ್ಯಾನ್‌ಫರ್ಡ್ ತಂಡದ ಕೆಲಸ ಒಂದು ಸುಳಿವು ಕೊಟ್ಟಿತು: ಕೆಲವು ರೋಗಿಗಳಲ್ಲಿ ವೈರಸ್ಸಿನ ಪ್ರೋಟೀನಿನ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಮಿದುಳಿನ ಒಂದು ಪ್ರೋಟೀನಿಗೂ ಅಂಟಿಕೊಳ್ಳುತ್ತವೆ.

ಇದನ್ನೆಲ್ಲ ಓದಿ, ಯಾವ ಸುಸ್ತಿಗೂ ರಕ್ತ ಪರೀಕ್ಷೆ ಮಾಡಿಸಿ ‘ವೈರಸ್ ಪಾಸಿಟಿವ್’ ಎಂದು ಹೆದರಿಸುವುದು ಅನ್ಯಾಯ. ಪ್ರತಿಕಾಯ ಇದೆಯೆಂದರೆ ಎಂದೋ ಸೋಂಕು ತಗಲಿತ್ತು ಎಂದಷ್ಟೇ ಅರ್ಥ.

ನಮ್ಮ ಮಟ್ಟಿಗೆ ಮುಖ್ಯವಾದ ಪ್ರಶ್ನೆ ಬೇರೆ. ಭಾರತದಲ್ಲಿ ಈ ವೈರಸ್ ಬಹುಪಾಲು ಮಕ್ಕಳಿಗೆ ಎಳವೆಯಲ್ಲೇ ಸದ್ದಿಲ್ಲದೆ ತಗಲುತ್ತದೆ. ಪಶ್ಚಿಮದಲ್ಲಿ ಎಷ್ಟೋ ಜನರಿಗೆ ಹದಿಹರೆಯದಲ್ಲಿ, ಜ್ವರ ಮತ್ತು ಗಂಟಲುಬೇನೆಯೊಂದಿಗೆ. ಈ ನರರೋಗವೂ ಉತ್ತರ ಯೂರೋಪಿಗಿಂತ ಇಲ್ಲಿ ವಿರಳ. ಸೋಂಕು ತಗಲುವ ವಯಸ್ಸಿಗೂ ಇದಕ್ಕೂ ಸಂಬಂಧವಿದೆಯೇ? ಅಮೆರಿಕದ ಯೋಧರ ರಕ್ತ ಇದಕ್ಕೆ ಉತ್ತರ ಹೇಳಲಾರದು. ಇಲ್ಲಿನ ಮಕ್ಕಳ ರಕ್ತವನ್ನು ಇಲ್ಲಿಯೇ ವರ್ಷಗಟ್ಟಲೆ ಕಾದಿಟ್ಟು, ಅವರು ಬೆಳೆಯುವವರೆಗೂ ಹಿಂಬಾಲಿಸುವ ಕೆಲಸಕ್ಕೆ ಹಣ ಬೇಕು, ತಾಳ್ಮೆ ಬೇಕು.