ಕಥೆಗೆ ಸಿಗದ ಐತವಾರ

ಹೋದ ಈದಿನ ಮೂರನೆಯ ದಿನ ನಮ್ಮ ಅಕ್ಕನ ಮಗಳು ಗಂಡನೊಂದಿಗೆ ಹಳೇ ಬಾಗಲಕೋಟೆಯ ನಮ್ಮ ಮನೆಗೆ ಬಂದಿದ್ದಳು. ಮದುವೆಯಾಗಿ ಎರಡು ವರ್ಷವಾಗಿದೆ. ತವರು ಇಳಕಲ್ಲು, ಅತ್ತೆಮನೆ ಹುನಗುಂದ. ಇಬ್ಬರೂ ಇರುವುದು ನವನಗರದ ಒಂದು ಸೆಕ್ಟರಿನ ಬಾಡಿಗೆ ಮನೆಯಲ್ಲಿ. ಅವನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾನೆ, ಅವಳಿಗೆ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸ. ಊಟವಾದ ಮೇಲೆ ಮಾತು ಬಾನು ಮುಷ್ತಾಕ್ ಅವರ ಬುಕರ್ ಪ್ರಶಸ್ತಿಯ ಕಡೆಗೆ ಹೊರಳಿ, ಅಲ್ಲಿಂದ ನಮ್ಮ ಕಥೆಗಳತ್ತ ಬಂತು. ಮನೆಯಲ್ಲಿ ನಾವಾಡುವುದು ದಖನಿ. ಆದರೆ ಕಥೆಯ ವಿಷಯ ಬಂದಾಗ ಕನ್ನಡಕ್ಕೆ ಹೊರಳುವುದು ನಮ್ಮಿಬ್ಬರ ರೂಢಿ. ಹುಡುಗಿ ನಮ್ಮ ಎರಡೂ ಸಂಕಲನಗಳನ್ನು ಓದಿದವಳು. "ಖಾಲಾ, ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮ ಕಥೀಯೊಳಗ ಒಂದು ಜೋಡಿಯಾದ್ರೂ ಐತವಾರ ಬಾದಾಮಿಗೆ ಹೋಗಿ ಬಂದದ್ದು ಐತೇನ್ರಿ?" ಎಂದು ಕೇಳಿದಳು.

ನಕ್ಕು ಸುಮ್ಮನಾದೆವು. ಅವರು ಹೋದ ಮೇಲೆ ಸಂಕಲನಗಳನ್ನು ತೆರೆದು ಎಣಿಸಿದೆವು. ಒಟ್ಟು ಇಪ್ಪತ್ತಮೂರು ಕಥೆಗಳು. ಒಂಬತ್ತರಲ್ಲಿ ತಲಾಖ್ ಅಥವಾ ಅದರ ಬೆದರಿಕೆ, ನಾಲ್ಕರಲ್ಲಿ ಗಲಭೆ, ಮೂರರಲ್ಲಿ ವರದಕ್ಷಿಣೆ. ಉಳಿದವುಗಳಲ್ಲಿ ಬಡತನ, ಬೇನೆ, ಸಾವು. ಗಂಡ ಹೆಂಡತಿ ಜೊತೆಯಾಗಿ ಕೂತು ಚಹಾ ಕುಡಿದದ್ದು ಒಂದೇ ಒಂದು ಕಥೆಯಲ್ಲಿ ಸಿಕ್ಕಿತು. ಆ ಚಹಾ ಮುಗಿಯುವಷ್ಟರಲ್ಲಿ ಪೊಲೀಸರು ಬಂದು ಬಾಗಿಲು ಬಡಿದಿದ್ದರು.

ಇದು ನಮ್ಮೊಬ್ಬರದೇ ದೋಷವೋ, ಕನ್ನಡದ ಮುಸ್ಲಿಂ ಕಥನಕ್ಕೆ ಅಂಟಿದ ಒಂದು ರೂಢಿಯೋ? ನಮಗೆ ದಾರಿ ತೋರಿದ ಹಿರಿಯರ ಕಥೆಗಳನ್ನು ಈ ಪ್ರಶ್ನೆಯೊಂದಿಗೆ ಮತ್ತೊಮ್ಮೆ ಓದಿದೆವು.

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದರ ನಾದಿರಾ ಮತ್ತು ರಶೀದ್ ಒಬ್ಬರನ್ನೊಬ್ಬರು ಮೆಚ್ಚಿದ ಎಳೆಯ ದಂಪತಿ. ತವರಿಗೆ ಬಂದ ನಾದಿರಾಳನ್ನು ತಂದೆ ಮಹಮ್ಮದ್ ಖಾನ್ ತನ್ನ ಹಠಕ್ಕೆ ತಡೆದಿಟ್ಟುಕೊಂಡು ತಲಾಖ್ ಮಾಡಿಸುತ್ತಾನೆ. ಮತ್ತೆ ಒಂದಾಗಬೇಕೆಂದರೆ ನಡುವೆ ಇನ್ನೊಂದು ನಿಕಾಹ್ ಆಗಬೇಕೆಂಬ ಮಾತು ಬರುತ್ತದೆ. ಕೊನೆಗೆ ಆಕೆ ನೀರುಪಾಲಾಗುತ್ತಾಳೆ. ಬಾನು ಮುಷ್ತಾಕ್ ಅವರ 'ಎದೆಯ ಹಣತೆ' ಕಥೆಯಲ್ಲಿ ಗಂಡನಿಂದ ಅವಮಾನಿತಳಾಗಿ ಕೂಸನ್ನೆತ್ತಿಕೊಂಡು ತವರಿಗೆ ಬಂದ ಮೆಹರುನ್‌ಳನ್ನು ಅಣ್ಣಂದಿರೇ ಮರ್ಯಾದೆಯ ಹೆಸರಿನಲ್ಲಿ ಗಂಡನ ಮನೆಗೆ ವಾಪಸು ಬಿಟ್ಟುಬರುತ್ತಾರೆ. ಮಗಳು ಸಲ್ಮಾ ತಡೆಯದಿದ್ದರೆ ಆಕೆ ಬೆಂಕಿಗೆ ತುತ್ತಾಗುತ್ತಿದ್ದಳು. ಅವರದೇ ಶಾಯಿಸ್ತಾ ಮಹಲಿನ ಕಥೆಯಲ್ಲಿ, ಅಣೆಕಟ್ಟಿನ ಕಾಲೊನಿಗೆ ಬಂದ ಹೊಸ ದಂಪತಿಗಳಾದ ಜೀನತ್ ಮತ್ತು ಮುಜಾಹಿದ್, ಪರಿಚಯದ ಇಫ್ತಿಕಾರ್ ಅವರ ಮನೆಗೆ ಭೇಟಿ ಕೊಡುತ್ತಾರೆ. ಹೆಂಡತಿಗಾಗಿ ಮಹಲು ಕಟ್ಟಿಸುತ್ತಿದ್ದೆ ಎಂದು ಕೊಚ್ಚಿಕೊಳ್ಳುವ ಇಫ್ತಿಕಾರ್, ಅವಳು ಸತ್ತ ಕೆಲವೇ ದಿನಗಳಲ್ಲಿ ಎಳೆಯ ಹುಡುಗಿಯನ್ನು ಮದುವೆಯಾಗುತ್ತಾನೆ.

ಮೂರೂ ಕಥೆಗಳು ಒಂದೊಂದು ಭೇಟಿಯ ಮೇಲೆ ನಿಂತಿರುವುದನ್ನು ನಾವು ಇಷ್ಟು ದಿನ ಗಮನಿಸಿರಲಿಲ್ಲ. ತವರಿಗೆ ಹೋಗುವುದು, ತವರಿನಿಂದ ಮರಳುವುದು, ಪರಿಚಯದವರ ಮನೆಯ ಚಹಾ: ಎಲ್ಲ ಸಂಸಾರಗಳಲ್ಲೂ ನಡೆಯುವ ಸಂಗತಿಗಳಿವು. ಇವುಗಳೊಳಗೆ ಅಡಗಿದ್ದ ಅನ್ಯಾಯವನ್ನು ಈ ಲೇಖಕಿಯರು ಕಂಡರು, ಬರೆದರು, ಅದಕ್ಕೆ ಬೆಲೆಯನ್ನೂ ತೆತ್ತರು. ಮಹಿಳೆಯರ ಮಸೀದಿ ಪ್ರವೇಶವನ್ನು ಬೆಂಬಲಿಸಿದ್ದಕ್ಕಾಗಿ 2000ದಲ್ಲಿ ಬಾನು ಅವರ ಕುಟುಂಬ ಸಾಮಾಜಿಕ ಬಹಿಷ್ಕಾರವನ್ನು ಎದುರಿಸಿತು. ಆ ಕಥೆಗಳು ಬೇಡವಾಗಿದ್ದವು ಎಂದು ಹೇಳುವವರ ಸಾಲಿನಲ್ಲಿ ನಾವಿಲ್ಲ.

ನಮ್ಮ ತಕರಾರಿರುವುದು ಅವರ ಬೆನ್ನಿಗೆ ಬಂದ ನಮ್ಮಂಥವರ ಬಗೆಗೆ. ನಾದಿರಾ ಮತ್ತು ರಶೀದರ ಒಲವನ್ನು ಸಾರಾ ಅವರು ನಮಗೆ ಮೊದಲು ತೋರಿಸುತ್ತಾರೆ. ಅದನ್ನು ಕಂಡಿರುವುದರಿಂದಲೇ ಅದು ಮುರಿದಾಗ ಓದುಗನಿಗೆ ನೋವಾಗುತ್ತದೆ. ಮುರಿಯುವುದನ್ನು ನಾವು ಅವರಿಂದ ಕಲಿತೆವು, ಮುರಿಯುವ ಮೊದಲು ಕಟ್ಟಬೇಕೆಂಬುದನ್ನು ಕಲಿಯಲಿಲ್ಲ. ನಮ್ಮ ಕಥೆಗಳಲ್ಲಿ ಗಂಡನೊಬ್ಬ ಕಾಣಿಸಿಕೊಂಡರೆ ಸಾಕು, ಅವನು ಯಾವ ಪುಟದಲ್ಲಿ ಕೆಟ್ಟವನಾಗುತ್ತಾನೆಂದು ಓದುಗ ಕಾಯತೊಡಗುತ್ತಾನೆ.

ಕನ್ನಡಕ್ಕೆ ದಂಪತಿಗಳ ದಿನಚರಿ ಹೊಸ ವಸ್ತುವೇನಲ್ಲ. ಹಲಸಂಗಿ ಗೆಳೆಯರು 1931ರಲ್ಲಿ ತಂದ 'ಗರತಿಯ ಹಾಡು' ನಮ್ಮದೇ ಸೀಮೆಯ ಹೆಣ್ಣುಮಕ್ಕಳ ಬಾಯಿಂದ ಬಂದದ್ದು. ಪಂಚಮಿಗೆ ಕರೆಯಲು ಬರುವ ಅಣ್ಣ, ಕಳಿಸಲು ಒಲ್ಲದ ಅತ್ತೆ, ಅಗಲಿರಲಾರದ ಗಂಡ ಎಲ್ಲರೂ ಆ ಲೋಕದಲ್ಲಿದ್ದಾರೆ. ಆ ಗೆಳೆಯರ ಬಳಗದಲ್ಲಿ ಪಿ. ಧೂಲಾಸಾಹೇಬರೂ ಇದ್ದರೆಂಬುದನ್ನು ನಮ್ಮ ಮಕ್ಕಳಿಗೆ ನಾವು ಹೇಳಿಕೊಟ್ಟಿಲ್ಲ. ಬೇಂದ್ರೆಯವರ 'ಸಖೀಗೀತ' 1937ರಲ್ಲಿ ಬಂತು, ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' 1942ರಲ್ಲಿ. ಒಂದರಲ್ಲಿ ಸಂಸಾರದ ಕಷ್ಟಸುಖವನ್ನು ಹೆಂಡತಿಯೊಡನೆ ತೋಡಿಕೊಳ್ಳುವ ಗಂಡನಿದ್ದರೆ, ಇನ್ನೊಂದರಲ್ಲಿ ಮಾವನ ಮನೆಗೆ ಹೋಗುವ ಹೊಸ ಅಳಿಯನಿದ್ದಾನೆ.

ಉರ್ದುವಿನಲ್ಲಿ ನಮ್ಮ ತಾಯಂದಿರ ಕೈಗೆ ಬಂದ ಪುಸ್ತಕಗಳೇ ಬೇರೆ. ಡೆಪ್ಯುಟಿ ನಜೀರ್ ಅಹ್ಮದರ 'ಮಿರಾತುಲ್ ಉರೂಸ್' 1869ರದು. ಜಾಣ ಸೊಸೆ ಅಸ್ಗರಿ, ದಡ್ಡ ಸೊಸೆ ಅಕ್ಬರಿ. ಮೌಲಾನಾ ಅಶ್ರಫ್ ಅಲಿ ಥಾನವಿಯವರ 'ಬಹಿಷ್ತಿ ಜೇವರ್' ಎಷ್ಟೋ ಮನೆಗಳಲ್ಲಿ ಮದುಮಗಳ ಸಾಮಾನಿನೊಂದಿಗೇ ಹೋಗುತ್ತಿತ್ತು. ಎರಡೂ ಹೆಣ್ಣು ಹೇಗಿರಬೇಕೆಂದು ಹೇಳುವ ಪುಸ್ತಕಗಳು. ಇಬ್ಬರು ಹೇಗಿದ್ದಾರೆಂದು ನೋಡಲು ನಾವು ರಾಜಿಂದರ್ ಸಿಂಗ್ ಬೇಡಿಯವರ ತನಕ ಕಾಯಬೇಕಾಯಿತು. ಅವರ 'ಗರಮ್ ಕೋಟ್' ಕಥೆಯಲ್ಲಿ ನಡೆಯುವುದು ಬಹಳ ಕಡಿಮೆ. ಒಬ್ಬ ಗುಮಾಸ್ತ, ಅವನ ಹರಿದ ಕೋಟು, ಕಳೆದುಹೋಗಿ ಮತ್ತೆ ಸಿಕ್ಕ ಹತ್ತು ರೂಪಾಯಿಯ ಒಂದು ನೋಟು, ಮನೆಯವರ ಬೇಕುಗಳ ಪಟ್ಟಿ. ಕೊನೆಗೆ ಪೇಟೆಗೆ ಹೋದ ಹೆಂಡತಿ ತರುವುದು ಗಂಡನ ಕೋಟಿನ ಬಟ್ಟೆಯನ್ನು. ಯಾರೂ ಸಾಯುವುದಿಲ್ಲ, ಆದರೂ ಆ ಕಥೆಯನ್ನು ಮರೆಯಲಾಗುವುದಿಲ್ಲ.

ಹಾಗಾದರೆ ನಮ್ಮ ಸೀಮೆಯ ಇಂದಿನ ಎಳೆಯ ದಂಪತಿಗಳ ಬದುಕಿನಲ್ಲಿ ಬರೆಯುವಂಥದ್ದು ಏನಿದೆ? ಅಕ್ಕನ ಮಗಳ ಐತವಾರವನ್ನೇ ನೋಡೋಣ. ಈ ಹೆಸರೇ ನಮಗೆ ಪ್ರಿಯವಾದದ್ದು. ಹಳ್ಳಿಯ ಕನ್ನಡದ ಐತವಾರವೂ ದಖನಿಯ ಇತ್ವಾರವೂ ಆದಿತ್ಯವಾರವೆಂಬ ಒಂದೇ ತಾಯಿಯ ಮಕ್ಕಳು. ಆದರೆ ರಜೆಯ ದಿನವಾಗಿ ಅದು ಇಲ್ಲಿ ತೀರ ಹಳೆಯದಲ್ಲ. ರೈತನ ಎತ್ತುಗಳಿಗೆ ಬಿಡುವು ಸೋಮವಾರ, ನಮಾಜಿಗೆ ಶುಕ್ರವಾರ, ಪೇಟೆಗೆ ಸಂತೆಯ ದಿನ. ಮಗ್ಗದ ಮನೆಯಲ್ಲಂತೂ ಕೆಲಸ ಮತ್ತು ಸಂಸಾರ ಒಂದೇ ಸೂರಿನಡಿ. ಇಳಕಲ್ಲಿನಲ್ಲಿ ನಮ್ಮ ಭಾವ ಕುಣಿಮಗ್ಗದಲ್ಲಿ ಕೂತು ಸೀರೆ ನೇಯುವಾಗ ಅಕ್ಕ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಕೂಲಿ ಸೀರೆಗೆ ಇಷ್ಟೆಂದು ಭಾವನ ಕೈಗೆ ಬರುತ್ತಿತ್ತು. ಕಂಡಿಕೆಯ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ.

ನಮ್ಮಲ್ಲಿ ಹೊಸ ಜೋಡಿಗೆ ಹಿರಿಯರು ಗೊತ್ತುಮಾಡಿದ್ದ ಭೇಟಿಯ ದಿನ ಶುಕ್ರವಾರ. ಅದೇ ಜುಮಾಗಿ. ನಿಕಾಹ್, ವಲೀಮಾ ಮುಗಿದ ಮೇಲೆ ನಾಲ್ಕೈದು ಶುಕ್ರವಾರ ಮದುಮಕ್ಕಳನ್ನು ಕರೆದು ಉಣಬಡಿಸುವ ದಖನಿನ ಪದ್ಧತಿ. ಈಗ ಮದುಮಗ ಮಾಸ್ತರನೋ ಬ್ಯಾಂಕಿನವನೋ ಆದರೆ ಶುಕ್ರವಾರ ರಜೆ ಸಿಗುವುದಿಲ್ಲ. ಆದ್ದರಿಂದ ಎಷ್ಟೋ ಮನೆಗಳಲ್ಲಿ ಜುಮಾಗಿಯ ದಾವತ್ತು ಐತವಾರಕ್ಕೆ ಜರುಗಿದೆ, ಹೆಸರು ಮಾತ್ರ ಹಾಗೇ ಉಳಿದಿದೆ.

ಊರೂ ಬದಲಾಗಿದೆ. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಹೋದ ಮೇಲೆ, ಒಂದೇ ಗೋಡೆಗೆ ಬೆನ್ನು ಕೊಟ್ಟಿದ್ದ ಅಣ್ಣತಮ್ಮಂದಿರ ಮನೆಗಳು ನವನಗರದ ಬೇರೆ ಬೇರೆ ಸೆಕ್ಟರಿಗೆ ಹಂಚಿಹೋದವು. ಮೊದಲು ಹಿತ್ತಲ ಬಾಗಿಲಿನಿಂದ ಸಾರಿನ ಬಟ್ಟಲು ದಾಟುತ್ತಿತ್ತು, ಈಗ ಫೋನು ಮಾಡಿ ಹೋಗಬೇಕು. ಮುಳುಗಡೆಯ ಬಗ್ಗೆ ಬರೆಯುವಾಗ ನಾವು ಮನೆ, ಹೊಲ, ಪರಿಹಾರ ಎಂದು ಬರೆದೆವು. ನೆಂಟರ ಮನೆಗೆ ಹೋಗುವುದೇ ಒಂದು ಪ್ರತ್ಯೇಕ ಕೆಲಸವಾದದ್ದನ್ನು ಬರೆಯಲಿಲ್ಲ.

ಇನ್ನೊಂದು ಬದಲಾವಣೆ ಬಸ್ಸಿನದು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಂದಿನಿಂದ ಆಧಾರ್ ತೋರಿಸಿ ಶೂನ್ಯ ದರದ ಟಿಕೆಟು ಪಡೆದು ಹುಡುಗಿ ಬಾಗಲಕೋಟೆಯಿಂದ ಹುನಗುಂದ ದಾಟಿ ಇಳಕಲ್ಲಿಗೆ ಹೋಗಿಬರುತ್ತಾಳೆ. ಅಕ್ಕನ ಕಾಲದಲ್ಲಿ ತವರಿಗೆ ಹೋಗಬೇಕೆಂದರೆ ಬಸ್ಸಿನ ರೊಕ್ಕಕ್ಕೆ ಗಂಡನ ಮುಂದೆ ಕೈ ಚಾಚಬೇಕಿತ್ತು. ಚಂದ್ರಗಿರಿ ಹೊಳೆ ದಾಟಲಾಗದ ನಾದಿರಾಳ ಪಕ್ಕದಲ್ಲಿ ಈ ಹುಡುಗಿಯನ್ನು ನಿಲ್ಲಿಸಿ ನೋಡಿದರೆ ನಲವತ್ತು ವರ್ಷಗಳಲ್ಲಿ ಏನಾಯಿತು, ಏನಾಗಲಿಲ್ಲ ಎರಡೂ ಕಾಣುತ್ತವೆ. ಬಸ್ಸು ಪುಕ್ಕಟೆಯಾಯಿತು. ಐತವಾರ ಯಾರ ಮನೆಗೆ ಸೇರಿದ್ದು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಹುನಗುಂದದವರಿಗೆ ಮಗ ಸೊಸೆ ವಾರವಾರ ಬರಬೇಕು. ಬರಿಗೈಯಲ್ಲಿ ಹೋಗಬಾರದೆಂದು ದಾರಿಯ ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸುತ್ತಾರೆ. ಮನೆ ಮುಟ್ಟಿದ ಮೇಲೆ ಮಗ ಹೊರಸಿನ ಮೇಲೆ ಅಡ್ಡಾಗುತ್ತಾನೆ, ಸೊಸೆ ಒಲೆಯ ಮುಂದೆ ಕೂಡುತ್ತಾಳೆ. ಆರು ದಿನ ದುಡಿದವರು ಇಬ್ಬರೂ, ಏಳನೆಯ ದಿನ ಒಬ್ಬರಿಗೆ ಮಾತ್ರ ರಜೆ. ಅತ್ತೆ ಕೆಟ್ಟವಳಲ್ಲ, ಸೊಸೆ ಬರುತ್ತಾಳೆಂದೇ ದಾಲ್ಚಾಕ್ಕೆ ಬೇಳೆ ನೆನೆಹಾಕಿ ಕಾದಿರುತ್ತಾಳೆ. ಇತ್ತ ಇಳಕಲ್ಲಿನವರಿಗೆ ಮಗಳು ಎರಡು ವಾರಕ್ಕೊಮ್ಮೆಯಾದರೂ ಕಾಣಬೇಕು. ಹೀಗಾಗಿ ಒಂದು ಐತವಾರ ಇವರಿಬ್ಬರೂ ಹುನಗುಂದಕ್ಕೆ "ಸಾಲಿ ಕೆಲಸ ಐತಿ" ಎಂದೂ, ಇಳಕಲ್ಲಿಗೆ "ಹುನಗುಂದಕ್ಕ ಹೊಂಟೀವಿ" ಎಂದೂ ಹೇಳಿ ಬೆಳಗಿನ ರೈಲು ಹತ್ತಿ ಬಾದಾಮಿಗೆ ಹೋದರು. ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ರೊಟ್ಟಿ ಬುತ್ತಿ ಬಿಚ್ಚಿದ್ದಾರೆ, ಎದುರಿಗೆ ಹುನಗುಂದದ ಅತ್ತೆಮನೆಯ ಪಕ್ಕದವರು, ಮಕ್ಕಳುಮರಿಗಳೊಂದಿಗೆ! ಸುದ್ದಿ ಇವರಿಗಿಂತ ಮೊದಲೇ ಊರು ಮುಟ್ಟಿತು. ಎರಡು ತಿಂಗಳು ಅತ್ತೆ ಫೋನಿನಲ್ಲಿ "ಆರಾಮ ಅದೀರೇನು" ಎಂಬುದರಾಚೆ ಮಾತಾಡಲಿಲ್ಲ.

ಇದರಲ್ಲಿ ಆಸೆಯಿದೆ, ಸುಳ್ಳಿದೆ, ಅಂಜಿಕೆಯಿದೆ, ಎರಡು ಮನೆಗಳ ಹಕ್ಕಿದೆ, ಒಬ್ಬ ವಿಧವೆ ತಾಯಿಯ ಒಂಟಿತನವಿದೆ. ಇದು ಕಥೆಯಲ್ಲವೆಂದು ನಾವು ಏಕೆ ಅಂದುಕೊಂಡೆವು?

ಕಾರಣ ನಮ್ಮ ಮೇಲಿರುವ ಎರಡು ಒತ್ತಾಯಗಳು. ಹೊರಗಿನ ಓದುಗರಿಗೆ ಮುಸ್ಲಿಂ ಹೆಣ್ಣಿನ ಗೋಳು ಬೇಕು, ಬುರ್ಖಾ, ತಲಾಖ್ ಇಲ್ಲದ ಕಥೆ ಕಳಿಸಿದರೆ "ಇದರಲ್ಲಿ ನಿಮ್ಮ ಅನುಭವ ಎಲ್ಲಿದೆ?" ಎಂದು ಕೇಳಿದವರಿದ್ದಾರೆ. ಒಳಗಿನ ಹಿರಿಯರಿಗೆ ಸಮಾಜದ ಒಳ್ಳೆಯ ಚಿತ್ರ ಬೇಕು, ಅತ್ತೆ ಮುನಿಸಿಕೊಂಡಳೆಂದು ಬರೆದರೂ "ಮನೆಯ ಮಾತು ಬೀದಿಗೆ ಯಾಕೆ?" ಎನ್ನುತ್ತಾರೆ. ಒಬ್ಬರಿಗೆ ದೂರಿನ ಅರ್ಜಿ ಬೇಕು, ಇನ್ನೊಬ್ಬರಿಗೆ ನಡತೆಯ ಪ್ರಮಾಣಪತ್ರ. ತ್ರಿವಳಿ ತಲಾಖ್ ಕಾಯ್ದೆ 2019ರಲ್ಲಿ ಬಂತು, ಹಿಜಾಬಿನ ಗದ್ದಲ 2022ರಲ್ಲಿ. ಆ ದಿನಗಳಲ್ಲಿ ಟಿ.ವಿ. ನೋಡಿದ ನೆರೆಯವನಿಗೆ ನಾವು ಚರ್ಚೆಯ ವಿಷಯವಾಗಿ ಗೊತ್ತು. ಮುಂದಿನ ಸೆಕ್ಟರಿನಲ್ಲಿ ಒಬ್ಬ ಗಣಿತದ ಮಾಸ್ತರ ಹೆಂಡತಿಯೊಂದಿಗೆ ಬಾದಾಮಿಗೆ ಹೋಗಲು ಅವನಂತೆಯೇ ಅವ್ವನಿಗೆ ಸುಳ್ಳು ಹೇಳುತ್ತಾನೆಂಬುದು ಗೊತ್ತಿಲ್ಲ. ಅದನ್ನು ತಿಳಿಸಬೇಕಾದವರು ಕಥೆ ಬರೆಯುವ ನಾವಲ್ಲವೇ?

ಇಲ್ಲಿ ಒಂದು ತಪ್ಪೊಪ್ಪಿಗೆಯೂ ಇದೆ. ಹಲವು ವರ್ಷಗಳ ಹಿಂದೆ ನಮಗೆ ಗೊತ್ತಿದ್ದ ಒಂದು ಜೋಡಿಯ ಜಗಳವನ್ನು ಆಧರಿಸಿ ಕಥೆ ಬರೆದೆವು. ಗಂಡ ಈದಿಗೂ ಹೆಂಡತಿಯನ್ನು ತವರಿಗೆ ಕಳಿಸಿರಲಿಲ್ಲ. ಆಕೆ ಮೂರು ದಿನ ಅನ್ನ ಬಿಟ್ಟು ಕೂತಳು. ನಾಲ್ಕನೆಯ ದಿನ ಅವನೇ ಸೈಕಲ್ ಮೇಲೆ ಕೂರಿಸಿಕೊಂಡು ಬಸ್ಸಿನ ತನಕ ಬಿಟ್ಟುಬಂದ. ನಡೆದದ್ದು ಇಷ್ಟು. ಕಥೆಗೆ ಬಿಗಿಯಾದ ಅಂತ್ಯ ಬೇಕೆಂದು ನಾವು ಅವನಿಂದ ತಲಾಖ್ ಹೇಳಿಸಿದೆವು. ಕಥೆಗೆ ಬಹುಮಾನವೂ ಬಂತು. ಆ ಹೆಂಗಸು ಅದನ್ನು ಯಾರಿಂದಲೋ ಓದಿಸಿಕೊಂಡು ಕೇಳಿ, ಸಿಕ್ಕಾಗ ಒಂದೇ ಮಾತು ಕೇಳಿದಳು: "ನಮ್ಮನ್ಯಾಕ ಬ್ಯಾರೆ ಮಾಡಿದ್ರಿ, ಆಪಾ?" ಅಂದು ಕಥೆ ಬೇರೆ, ಬದುಕು ಬೇರೆ ಎಂದು ವಿವರಿಸಿದ್ದೆವು. ಆಕೆ ತಲೆ ಅಲ್ಲಾಡಿಸಿದ್ದಳು, ಒಪ್ಪಿರಲಿಲ್ಲ. ಆಕೆಯ ವಿಮರ್ಶೆಯೇ ಸರಿಯೆಂದು ಈಗ ಅನಿಸುತ್ತಿದೆ. ಗಂಡನನ್ನು ನಾಲ್ಕು ದಿನದಲ್ಲಿ ಮಣಿಸಿದ ಆಕೆಯ ಗೆಲುವನ್ನು ನಾವು ಕಸಿದುಕೊಂಡು, ಸೋತವಳೆಂದು ಬರೆದಿದ್ದೆವು.

ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಅದರಲ್ಲಿ ಮಂಗಲೇಶನ ಹೆಸರಿದೆ. ತಲೆಯೆತ್ತಿ ನೋಡಿದರೆ ಕಂಬಗಳ ಮೇಲಿನ ಮದನಕೈಗಳಲ್ಲಿ ಮರದಡಿ ಒಬ್ಬರಿಗೊಬ್ಬರು ಒರಗಿ ನಿಂತ ಜೋಡಿಗಳಿವೆ. ಅವರು ಯಾರೆಂದು ಬರೆದಿಲ್ಲ. ಅಕ್ಕನ ಮಗಳು ಹೆಚ್ಚು ಹೊತ್ತು ನೋಡುತ್ತ ನಿಂತದ್ದು ಈ ಜೋಡಿಗಳನ್ನಂತೆ. ಗಂಡ ನಾಚಿ ಹೊರಗೆ ನಡೆದನಂತೆ.

ಹೊಸದಾಗಿ ಬರೆಯುತ್ತಿರುವ ನಮ್ಮ ಹುಡುಗ ಹುಡುಗಿಯರು ಅನ್ಯಾಯವನ್ನು ಬರೆಯುವುದನ್ನು ಬಿಡುವುದು ಬೇಡ. ಅದರೊಂದಿಗೆ ಕಂಡಿಕೆಯ ಲೆಕ್ಕವನ್ನೂ ಶೂನ್ಯ ಟಿಕೆಟನ್ನೂ ಬುತ್ತಿಯ ರೊಟ್ಟಿಯನ್ನೂ ಬರೆಯಲಿ. ನಾವೂ ಬಾದಾಮಿಯ ಕಥೆ ಬರೆಯಲು ಕೂತಿದ್ದೇವೆ. ನಾಲ್ಕು ಪುಟವಾಗಿದೆ. ಇಬ್ಬರೂ ಇನ್ನೂ ಮೆಟ್ಟಿಲ ಮೇಲೆ ಕೂತಿದ್ದಾರೆ, ಸದ್ಯ ಯಾರೂ ಬಾಗಿಲು ಬಡಿದಿಲ್ಲ.